ಟವೆಲ್ಲಿನ ಕೆಳಗೆ ಕುದುರಿದ ಕ್ಯಾಮ್‌ಶಾಫ್ಟ್

ಕಾರು ಬ್ಯಾಂಡ್‌ಸೆಟ್ಟಿನವರನ್ನು ಅಟ್ಟಿಸಿಕೊಂಡು ಹೋದಾಗ ನನ್ನ ಬಲಗಾಲು ಬ್ರೇಕಿನ ಮೇಲೇ ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಗಾಬರಿಯಲ್ಲಿ ಬ್ರೇಕಿನ ಬದಲು ಆಕ್ಸಿಲರೇಟರ್ ಒತ್ತಿದೆ ಎಂದು ಪೆರೇಸಂದ್ರದ ಟೀ ಅಂಗಡಿಗಳಲ್ಲಿ ಈಗಲೂ ಹೇಳುವವರಿದ್ದಾರೆ. ಅವರೆಲ್ಲ ಕಾರಿನ ಹೊರಗಿದ್ದರು. ನಾನು ಒಳಗಿದ್ದೆ. ನನ್ನ ಕಾಲು ಎಲ್ಲಿತ್ತು ಎಂಬುದಕ್ಕೆ ಪಕ್ಕದಲ್ಲಿ ಕೂತಿದ್ದ ಹುಡುಗಿಯೂ ಸಾಕ್ಷಿ. ಅಷ್ಟಕ್ಕೂ ಅಲ್ಲಿ ತಪ್ಪಿದ್ದು ಕ್ಯಾಮ್‌ಶಾಫ್ಟಿನ ಆಯ್ಕೆ. ಹಾಗಾಗಿ ಅಲ್ಲಿಂದಲೇ ಶುರುಮಾಡಬೇಕು.

ಕಾರು ಅಮೆರಿಕದ್ದು. ಎರಡೇ ಬಾಗಿಲು, ಉದ್ದನೆಯ ಮೂತಿ, ಎಂಟು ಸಿಲಿಂಡರಿನ ಎಂಜಿನ್, ಎಡಗಡೆ ಸ್ಟೀರಿಂಗ್, ತಾನಾಗಿಯೇ ಬದಲಾಗುವ ಗೇರು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುವ ಯಜಮಾನರೊಬ್ಬರ ತಂದೆ ಅದನ್ನು ಯಾವುದೋ ಕಾಲದಲ್ಲಿ ಬೆಂಗಳೂರಿನಿಂದ ತಂದಿದ್ದರಂತೆ. ಅವರು ಹೋದ ಮೇಲೆ ನೂಲಿನ ಗೋದಾಮಿನಲ್ಲಿ ಟಾರ್ಪಾಲಿನ ಕೆಳಗೆ ಮಲಗಿತ್ತು. ಯಜಮಾನರ ಮಗಳಿಗೆ ಚಿಂತಾಮಣಿಯ ಹುಡುಗನ ಜೊತೆ ಮದುವೆ ಗೊತ್ತಾದಾಗ ಆಕೆ ಕೇಳಿದ್ದು ಒಂದೇ: ಸಂಜೆ ದೇವಸ್ಥಾನದಿಂದ ಛತ್ರದವರೆಗೆ ಹೆಣ್ಣುಗಂಡಿನ ಮೆರವಣಿಗೆ ತಾತನ ಕಾರಿನಲ್ಲಿ ಆಗಬೇಕು, ಅದನ್ನು ತಾನೇ ಓಡಿಸಬೇಕು. ಆಕೆ ದಿನವೂ ಅಪ್ಪನ ನೂಲಿನ ಟೆಂಪೊ ಓಡಿಸುವವಳು. ಹಾಗಾಗಿ ಮನೆಯವರು ಬೆರಗಾಗಲಿಲ್ಲ. ಗಂಡಿನ ಕಡೆಯ ಹಿರಿಯರು ಮಾತ್ರ ಒಪ್ಪಿಯೂ ಒಪ್ಪದ ಹಾಗೆ ತಲೆಯಾಡಿಸಿದ್ದರು.

ಕಾರನ್ನು ಲಾರಿಯ ಮೇಲೆ ಹೇರಿ ಪೆರೇಸಂದ್ರದ ಸರ್ವಿಸ್ ರಸ್ತೆಯಲ್ಲಿರುವ ನನ್ನ ಶೆಡ್ಡಿಗೆ ತಂದರು. ಎಂಜಿನ್ ಬಿಚ್ಚಿದೆ. ಪಿಸ್ಟನ್, ಬೇರಿಂಗ್, ವಾಲ್ವ್ ಎಲ್ಲವನ್ನೂ ಸರಿಮಾಡಬಹುದಿತ್ತು. ಕ್ಯಾಮ್‌ಶಾಫ್ಟ್ ಮಾತ್ರ ಕೆಟ್ಟಿತ್ತು.

ಕ್ಯಾಮ್‌ಶಾಫ್ಟ್ ಎಂದರೆ ಎಂಜಿನ್ನಿನ ಹೊಟ್ಟೆಯಲ್ಲಿ ಉದ್ದಕ್ಕೆ ಮಲಗಿರುವ ಲೋಹದ ಸರಳು. ಅದರ ಮೇಲೆ ಸಾಲಾಗಿ ಮೊಟ್ಟೆಯ ಆಕಾರದ ಉಬ್ಬುಗಳಿರುತ್ತವೆ. ಸರಳು ತಿರುಗಿದಾಗ ಪ್ರತಿಯೊಂದು ಉಬ್ಬೂ ತನ್ನ ಮೇಲೆ ಕೂತ ಟ್ಯಾಪೆಟ್ಟನ್ನು ಎತ್ತಿ ಒಂದು ವಾಲ್ವನ್ನು ತೆರೆಯುತ್ತದೆ. ವಾಲ್ವ್ ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ಉಬ್ಬಿನ ಆಕಾರ ತೀರ್ಮಾನಿಸುತ್ತದೆ. ಆ ಹೊತ್ತನ್ನು ನಾವು ಡಿಗ್ರಿಯಲ್ಲಿ ಅಳೆಯುತ್ತೇವೆ. ಡಿಗ್ರಿ ಹೆಚ್ಚಿದಷ್ಟೂ ಎಂಜಿನ್ ಜೋರಾಗಿ ತಿರುಗುವಾಗ ಬಲ ಹೆಚ್ಚು. ಆದರೆ ನಿಧಾನವಾಗಿ ತಿರುಗುವಾಗ ಒಳಗೆ ಬರುವ ಪೆಟ್ರೋಲು ಬೆರೆತ ಗಾಳಿ ಹೊರಗೆ ಹೋಗುವ ಹೊಗೆಯ ಜೊತೆ ಕಲಸಿಕೊಂಡು ಎಂಜಿನ್ ತಡವರಿಸುತ್ತದೆ. ಗುಡುಗುಡು, ಗುಡ್, ಗುಡುಗುಡು. ಜನ ಮರುಳಾಗುವುದು ಈ ತಡವರಿಕೆಯ ಸದ್ದಿಗೇ.

ನಮ್ಮ ಶಾಫ್ಟಿನಲ್ಲಿ ಒಂದು ಉಬ್ಬು ಸವೆದು ಹೆಚ್ಚುಕಡಿಮೆ ದುಂಡಗಾಗಿತ್ತು. ಹೊಸದನ್ನು ಹೊರದೇಶದಿಂದ ತರಿಸಬೇಕು, ಯಾವುದು ಬೇಕೋ ನೀವೇ ನೋಡಿ ಎಂದು ಯಜಮಾನರಿಗೆ ಫೋನಿನಲ್ಲಿ ಕೆಲವು ವಿಡಿಯೊಗಳನ್ನು ತೋರಿಸಿದೆ. ಅವರು ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು ಫೋನನ್ನು ಕಿವಿಗೆ ಹಿಡಿದರು. ರೇಷ್ಮೆಗೂಡು ಕೊಳ್ಳುವವರು ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳದ ಸದ್ದಿನಿಂದಲೇ ಮಾಲು ಹೇಗಿದೆ ಎಂದು ಹೇಳುತ್ತಾರೆ. ಇವರಿಗೆ ಜೀವನವಿಡೀ ಅದೇ ಅಭ್ಯಾಸ.

ಮೊದಲ ವಿಡಿಯೊ ಕಂಪನಿಯ ಅಳತೆಯದು. “ಬೇಡ. ಇದ್ರಲ್ಲಿ ಹುಳ ಸತ್ತಿದೆ” ಎಂದರು.

ಎರಡನೆಯದು ಸ್ವಲ್ಪ ದೊಡ್ಡದು. “ಇದು ಮಿಕ್ಸಿ.”

ಕೊನೆಯದು ರೇಸಿನ ಕಾರಿನದು. ಫೋನೇ ಅದುರುತ್ತಿತ್ತು. ಯಜಮಾನರು ಕಣ್ಣು ತೆರೆಯಲಿಲ್ಲ. “ಮೇಸ್ತ್ರಿ, ಇದು ಮಾಲು” ಎಂದರು.

“ಯಜಮಾನ್ರೇ, ಮೆರವಣಿಗೇಲಿ ಗಾಡಿ ಎಷ್ಟು ಸ್ಪೀಡಲ್ಲಿ ಹೋಗ್ಬೇಕು?”

“ಬ್ಯಾಂಡ್‌ನೋರು ನಡ್ದಷ್ಟು.”

“ಅಷ್ಟೇ ತಾನೆ? ಅದಕ್ಕೆ ಕಂಪ್ನಿ ಡಿಗ್ರಿನೇ ಸರಿ. ಇನ್ನೂರ ಅರವತ್ತು.”

“ಮುನ್ನೂರ ಹತ್ತು ಹಾಕು.”

“ಅದು ನಿಧಾನಕ್ಕೆ ಹೋಗಲ್ಲ. ಜನರ ಮಧ್ಯೆ ಕಷ್ಟ ಆಗುತ್ತೆ.”

“ಆಯ್ತಪ್ಪ. ನೀನು ನಿಂದು ಹೇಳ್ದೆ, ನಾನು ನಂದು ಹೇಳ್ದೆ. ಕೈ ಕೊಡು.”

ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕೈ ಮೇಲೆ ಹೊದಿಸಿದರು. ಗೂಡಿನ ಹರಾಜು ಈಗ ಮೊಬೈಲಿನಲ್ಲಿ ನಡೆಯುತ್ತದೆ. ಆದರೆ ದನದ ಸಂತೆಯಲ್ಲಿ ಅವರು ತಂದೆಯಿಂದ ಕಲಿತ ವ್ಯಾಪಾರ ಬೆರಳಿನದು. ಟವೆಲ್ಲಿನ ಕೆಳಗೆ ಒಬ್ಬರ ಬೆರಳನ್ನು ಒಬ್ಬರು ಹಿಡಿದು, ಬಾಯಿ ಬಿಡದೆ, ಪಕ್ಕದವರಿಗೆ ತಿಳಿಯದ ಹಾಗೆ ಕುದುರಿಸುವುದು. ಅಲ್ಲಿ ಪಕ್ಕದವರು ಯಾರೂ ಇರಲಿಲ್ಲ. ಬಿಚ್ಚಿಟ್ಟ ಎಂಜಿನ್ ಮಾತ್ರ ಇತ್ತು.

“ಇನ್ನೂರ ಅರವತ್ತರ ಮೇಲೆ ಒಂದು ಬೆರಳಿಗೆ ಹತ್ತು ಡಿಗ್ರಿ” ಎಂದು ಹೇಳಿ ನನ್ನ ಐದೂ ಬೆರಳು ಹಿಡಿದರು.

“ಇದು ವ್ಯಾಪಾರ ಅಲ್ಲ ಯಜಮಾನ್ರೇ.”

“ಬಾಯಲ್ಲಿ ಮಾತಾಡ್ಬಾರ್ದು.”

ನಾನು ಕೈ ಬಿಡಿಸಿಕೊಳ್ಳಲು ನೋಡಿದಷ್ಟೂ ವ್ಯಾಪಾರ ಬಿಸಿಯಾಯಿತು. ಅವರು ಒಂದು ಬೆರಳು ಬಿಟ್ಟರು. ನಾನು ಒಂದು ಬೆರಳು ಕೊಟ್ಟೆ. ಟವೆಲ್ಲಿನ ಕೆಳಗೆ ಕೈ ಹೋದ ಮೇಲೆ ಏನಾದರೂ ಕೊಡದೆ ಹೊರಗೆ ಬರುವುದು ಅಸಭ್ಯ ಅನ್ನಿಸಿಬಿಡುತ್ತದೆ. ಕೊನೆಗೆ ಇನ್ನೂರ ತೊಂಬತ್ತಕ್ಕೆ ನಿಂತಿತು. ಯಜಮಾನರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

ಅಷ್ಟರಲ್ಲಿ ಟೆಂಪೊ ನಿಲ್ಲಿಸಿ ಮಗಳು ಒಳಗೆ ಬಂದಳು. “ಎಷ್ಟಕ್ಕೆ ಮುಗೀತು ಅಂಕಲ್?”

“ಇನ್ನೂರ ತೊಂಬತ್ತು.”

“ಯಾರು ಗೆದ್ರು?”

ಗೊತ್ತಿಲ್ಲ ಎಂದೆ. ಅದು ನಿಜವಾಗಿತ್ತು.

ಶಾಫ್ಟ್ ಬಂತು. ಜೊತೆಗೆ ಹೊಸ ಟ್ಯಾಪೆಟ್ಟುಗಳು ಬಂದವು. ಈ ಜಾತಿಯ ಕ್ಯಾಮಿಗೆ ಮೊದಲ ಸಲ ಎಂಜಿನ್ ಶುರುಮಾಡುವ ಗಳಿಗೆಯೇ ಕಂಟಕ. ಉಬ್ಬುಗಳಿಗೆ ಕಪ್ಪು ಗ್ರೀಸು ಬಳಿಯಬೇಕು. ಎಂಜಿನ್ ಹತ್ತಿಕೊಂಡ ಕೂಡಲೇ ವೇಗ ಏರಿಸಿ, ಒಂದು ಊಟ ಮುಗಿಯುವಷ್ಟು ಹೊತ್ತು ಇಳಿಸದೆ ಓಡಿಸಬೇಕು. ಆಗ ಉಬ್ಬು ಮತ್ತು ಟ್ಯಾಪೆಟ್ ಒಂದಕ್ಕೊಂದು ಒಗ್ಗುತ್ತವೆ. ನಡುವೆ ಸುಮ್ಮನೆ ನಿಧಾನಕ್ಕೆ ಬಿಟ್ಟರೆ ಎಣ್ಣೆ ಸಾಲದೆ ಉಬ್ಬು ಅಲ್ಲೇ ಸವೆದುಹೋಗುತ್ತದೆ.

ಎಂಜಿನ್ ಹತ್ತಿತು. ಸದ್ದು ಕೇಳಲೆಂದೇ ಬಂದಿದ್ದ ಯಜಮಾನರ ಎದುರು ಥ್ರಾಟಲ್ ಹಿಡಿದು ನಿಂತೆ. ಶೆಡ್ಡಿನ ತಗಡುಗಳೆಲ್ಲ ಅದುರಿದವು. ಆಗ ಪಕ್ಕದಲ್ಲಿ ರೇಷ್ಮೆಹುಳ ಸಾಕುವ ಹುಳಮನೆಯ ಅಮ್ಮ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪನ್ನು ಹಿಡಿದುಕೊಂಡೇ ಓಡಿಬಂದರು.

“ಏನಪ್ಪಾ ಮೇಸ್ತ್ರಿ! ಆಪಪ್ಪಾ ಅದನ್ನ! ನಮ್ಮ ಹುಳ ನಾಕ್ನೇ ಜ್ವರಕ್ಕೆ ಕೂತವೆ!”

ರೇಷ್ಮೆಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಅದು ತಿನ್ನುವುದಿಲ್ಲ, ಅಲುಗುವುದಿಲ್ಲ, ತಲೆಯೆತ್ತಿ ಕೂತಿರುತ್ತದೆ. ಹೊಗೆ ತಗಲಿದರೆ ಬೆಳೆಯೇ ಹೋಗಬಹುದು. ಅಮ್ಮ ಹೇಳಿದ್ದು ಸರಿ.

“ಈಗ ಆಪಕ್ಕಾಗಲ್ಲಮ್ಮ! ನಿಲ್ಸಿದ್ರೆ ಕ್ಯಾಮು ಹೋಗುತ್ತೆ!” ಎಂದು ಕೂಗಿದೆ.

“ಕ್ಯಾಮು ಯಾರಪ್ಪ? ನಿನ್ ಹುಡುಗನಾ?”

“ಅಲ್ಲಮ್ಮ, ಕಬ್ಣ!”

“ಕಬ್ಣಕ್ಕೆ ಇಷ್ಟು ಮರುಗ್ತೀಯ. ನನ್ ಹುಳಕ್ಕೆ ಜೀವ ಇದೆ ಕಣಪ್ಪಾ!”

ಯಜಮಾನರು ರೇಷ್ಮೆ ತಿಂದು ಬೆಳೆದವರು. ಹುಳದ ವಿಷಯದಲ್ಲಿ ವಾದ ಮಾಡಲಿಲ್ಲ. ಬಿಳಿ ಅಂಗಿಯಲ್ಲೇ ಒಂದು ತಗಡನ್ನು ಎತ್ತಿಕೊಂಡು ಸೈಲೆನ್ಸರಿನ ಹಿಂದೆ ಅಡ್ಡ ಹಿಡಿದು ಹೊಗೆಯನ್ನು ಹೈವೇ ಕಡೆ ತಿರುಗಿಸಿದರು. ಅಮ್ಮ “ಇನ್ನೂ ಈ ಕಡೆ, ಇನ್ನೂ ಈ ಕಡೆ” ಎಂದು ಸೊಪ್ಪಿನಿಂದ ದಿಕ್ಕು ತೋರಿಸುತ್ತಿದ್ದರು. ಗಾಳಿ ತಿರುಗಿದಾಗಲೆಲ್ಲ ಯಜಮಾನರೂ ತಿರುಗಿದರು. ಎಲ್ಲ ಮುಗಿದು ಎಂಜಿನ್ನನ್ನು ನಿಧಾನಕ್ಕೆ ಇಳಿಸಿದಾಗ ಅವರ ಅಂಗಿ ಕರಿಬಣ್ಣಕ್ಕೆ ತಿರುಗಿತ್ತು. ಗುಡುಗುಡು, ಗುಡ್, ಗುಡುಗುಡು ಎಂದು ಎಂಜಿನ್ ತಡವರಿಸಿತು. ತಗಡು ಕೆಳಗಿಟ್ಟು, “ಕೇಳು ಮೇಸ್ತ್ರಿ, ಕೇಳು” ಎಂದರು. ಹುಳಗಳಿಗೆ ಏನೂ ಆಗಲಿಲ್ಲ ಎಂದು ಅಮ್ಮ ಮಾರನೆಯ ದಿನ ಹೇಳಿದರು. ಹೇಳುವಾಗ ಅವರ ಮುಖದಲ್ಲಿ ಸಂತೋಷವೇನೂ ಇರಲಿಲ್ಲ.

ಸದ್ದೇನೋ ಬಂತು. ಆದರೆ ಗೇರಿಗೆ ಹಾಕಿದ ಕೂಡಲೇ ಎಂಜಿನ್ ಕೆಮ್ಮಿ ನಿಂತುಹೋಗುತ್ತಿತ್ತು. ನಿಲ್ಲದಿರಲಿ ಎಂದು ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಮುಟ್ಟದಿದ್ದಾಗ ಎಂಜಿನ್ ತಿರುಗುವ ವೇಗ, ಏರಿಸಿದೆ. ಆಗ ಗೇರಿಗೆ ಹಾಕಿದರೆ, ಹಗ್ಗ ಬಿಚ್ಚಿದ ಹೋರಿಯಂತೆ ಕಾರು ಮುಂದಕ್ಕೆ ಜಗ್ಗುತ್ತಿತ್ತು. ಬ್ರೇಕ್ ಒತ್ತಿ ಹಿಡಿದರೆ ನಿಲ್ಲುತ್ತಿತ್ತು. ಶೆಡ್ಡಿನ ಅಂಗಳದಲ್ಲಿ ಹೋಗಿ ಬ್ರೇಕ್ ಒತ್ತಿ ನಿಲ್ಲಿಸಿ ನೋಡಿದೆ. ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದೆ. ಮತ್ತೆ ನಿಂತಿತು. ಈ ‘ಸ್ವಲ್ಪ ಹೊತ್ತು ಬಿಟ್ಟು’ ಎಂಬುದರಲ್ಲೇ ವಿಷಯವಿತ್ತು. ಅದು ನನಗೆ ಆಗ ಹೊಳೆಯಲಿಲ್ಲ.

ಮದುವೆಗೆ ಮುಂಚೆ ಒಂದು ಸಲ ನಡೆಸಿ ನೋಡೋಣ ಎಂದವಳು ಮಗಳು. ಯಜಮಾನರು ಚಿಂತಾಮಣಿಯಿಂದ ಬ್ಯಾಂಡ್‌ಸೆಟ್ಟನ್ನೇ ಕರೆಸಿದರು. ಸರ್ವಿಸ್ ರಸ್ತೆಯಲ್ಲಿ ಬ್ಯಾಂಡಿನವರು ಮುಂದೆ, ಅವರ ಹಿಂದೆ ಕಾರು. ಮೊದಲು ನಾನು ಓಡಿಸುವುದು, ಆಮೇಲೆ ಅವಳು ಎಂದು ಮಾತಾಗಿತ್ತು. ಅವಳು ನನ್ನ ಬಲಗಡೆ ಕೂತಳು. ರಸ್ತೆ ಅಲ್ಲಿ ಕಣ್ಣಿಗೆ ಕಾಣದಷ್ಟು ಇಳಿಜಾರು.

ನಾನು ಕಂಡದ್ದು ಇದು. ಬ್ಯಾಂಡಿನವರು ಒಂದು ನಿಧಾನದ ಹಾಡು ಹಿಡಿದರು. ಕಾರು ಹೊರಟಿತು. ಅವರಿಗೆ ಹತ್ತಿರವಾದಾಗ ಬ್ರೇಕ್ ಒತ್ತಿದೆ, ನಿಂತಿತು. ಬಿಟ್ಟೆ, ಜಗ್ಗಿತು. ಮತ್ತೆ ಒತ್ತಿದೆ. ಈ ಸಲ ಪೆಡಲ್ ಅರ್ಧಕ್ಕೆ ಗಟ್ಟಿಯಾಯಿತು. ಕಾರು ನಿಲ್ಲಲಿಲ್ಲ, ನಿಧಾನವಾಯಿತು. ಮೂರನೆಯ ಸಲ ಪೆಡಲ್ ಕಲ್ಲಾಗಿತ್ತು. ಎದ್ದು ನಿಂತಂತೆ ಒತ್ತಿದರೂ ಅಲುಗಲಿಲ್ಲ.

ದೊಡ್ಡ ಡ್ರಮ್ಮಿನವನು ಹಿಂದೆ ತಿರುಗಿ ನೋಡಿದ. ಮುಂದಕ್ಕೆ ತಿರುಗಿ ಬೇಗ ಬೇಗ ಬಾರಿಸತೊಡಗಿದ. ಉಳಿದವರು ಅವನ ತಾಳಕ್ಕೆ ಸೇರಿಕೊಂಡರು. ಹಾಡು ಮದುವೆಯದಾಗಿ ಉಳಿಯಲಿಲ್ಲ. ಬ್ಯಾಂಡಿನವರು ಓಡಿಹೋದರು ಎಂದು ಟೀ ಅಂಗಡಿಯವರು ಹೇಳುತ್ತಾರೆ. ನಾನು ನೋಡಿದ ಮಟ್ಟಿಗೆ ಅವರು ಓಡುತ್ತಿದ್ದರೂ ಬಾರಿಸುವುದನ್ನು ಬಿಟ್ಟಿರಲಿಲ್ಲ. ಕ್ಲಾರಿನೆಟ್ಟಿನವನು ಹಿಂದುಹಿಂದಕ್ಕೆ ಓಡುತ್ತ, ನನ್ನ ಕಣ್ಣನ್ನೇ ನೋಡುತ್ತ ಊದುತ್ತಿದ್ದ.

ಗೇರನ್ನು ಬಿಡಿಸಬೇಕು ಎಂದು ತಲೆ ಹೇಳಿತು. ನಮ್ಮ ಗಾಡಿಗಳಲ್ಲಿ ಗೇರು ಎಡಗೈಗೆ. ನನ್ನ ಎಡಗೈ ಅಭ್ಯಾಸದಂತೆ ಹೋಗಿ ಸಿಕ್ಕಿದ್ದನ್ನು ಎಳೆಯಿತು. ಎಡಗಡೆ ಸ್ಟೀರಿಂಗಿನ ಈ ಕಾರಿನಲ್ಲಿ ಅದು ಬಾಗಿಲಿನ ಹಿಡಿ, ಬಾಗಿಲು ತೆರೆದುಕೊಂಡಿತು. ಪೆರೇಸಂದ್ರದವರಿಗೆ ನಾನು ಹಾರಿಕೊಳ್ಳಲು ನೋಡಿದಂತೆ ಕಂಡಿದ್ದು ಆಗಲೇ.

ಆ ಹೊತ್ತಿನಲ್ಲಿ ಒಂದು ಕೈ ನನ್ನ ಮುಂದೆ ಹಾದುಹೋಗಿ ಕೀಯನ್ನು ತಿರುಗಿಸಿತು. ಎಂಜಿನ್ ಸತ್ತಿತು. ಕಾರು ಇಳಿಜಾರಿನಲ್ಲಿ ತೇಲಿಕೊಂಡು ಹೋಗಿ, ಹುಳಮನೆಯ ಅಮ್ಮ ರಸ್ತೆಬದಿ ಇಳಿಸಿದ್ದ ಸೊಪ್ಪಿನ ಹೊರೆಗಳಿಗೆ ಮೂತಿ ಇಟ್ಟು ನಿಂತಿತು. ಬ್ಯಾಂಡಿನವರೆಲ್ಲ ಪಕ್ಕಕ್ಕೆ ಹಾರಿದ್ದರು. ಡ್ರಮ್ ಹಾರಿರಲಿಲ್ಲ. ಬಂಪರಿಗೂ ಹೊರೆಗೂ ನಡುವೆ ಸಿಕ್ಕಿಕೊಂಡು ಒಂದೇ ಸಲ ‘ಢಬ್’ ಎಂದಿತು. ಆಮೇಲೆ ಯಾವ ಸದ್ದೂ ಇರಲಿಲ್ಲ.

ಯಾರಿಗೂ ಏನೂ ಆಗಿರಲಿಲ್ಲ. ನಾನು ಒಬ್ಬೊಬ್ಬರನ್ನೇ ಮುಟ್ಟಿ ನೋಡಿದೆ. ಕ್ಲಾರಿನೆಟ್ಟಿನವನನ್ನು ಮರೆತು ಎರಡು ಸಲ ಮುಟ್ಟಿದೆನಂತೆ.

ಯಜಮಾನರು ಓಡಿಬಂದು ಮಗಳ ತಲೆ ನೇವರಿಸಿದರು. “ನೀನು ಓಡಿಸೋದು ಬೇಡಮ್ಮ. ಗಂಡಿನ ಕಡೆಯೋರು ಸಾರೋಟು ತರಿಸ್ತೀವಿ ಅಂದಿದ್ದಾರೆ. ಅದ್ರಲ್ಲಿ ಕೂತ್ಕೊಂಡುಬಿಡಿ. ಕಾರು ಹಿಂದೆ ಬರಲಿ, ಮೇಸ್ತ್ರಿ ಓಡಿಸ್ತಾನೆ.”

“ಅಪ್ಪ, ಕೀ ಆಫ್ ಮಾಡಿದ್ದು ನಾನು.”

“ಅದು ಸರಿ ಕಣಮ್ಮ, ಆದ್ರೂ.”

“ಏನು ಆದ್ರೂ? ನಿಮಗೆ ಸೌಂಡ್ ಬೇಕು. ನನಗೆ ಓಡಿಸ್ಬೇಕು. ಎರಡೂ ಆಗಲ್ಲ ಅಂದ್ರೆ ಸೌಂಡ್ ಉಳ್ಕೊಳ್ಳುತ್ತೆ, ನಾನು ಕುದುರೆ ಹಿಂದೆ ಕೂತ್ಕೋಬೇಕು. ಹಾಗೇ ತಾನೆ?”

ಯಜಮಾನರು ಡ್ರಮ್ಮಿನವನ ಹತ್ತಿರ ಹೋಗಿ ಹೊಸ ಡ್ರಮ್ಮಿನ ಮಾತಾಡತೊಡಗಿದರು.

ಕಾರನ್ನು ತಳ್ಳಿಕೊಂಡು ಬಂದು ಶೆಡ್ಡಿನಲ್ಲಿ ನಿಲ್ಲಿಸಿ, ಎಂಜಿನ್ನಿಗೆ ಅದರ ಎಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಹಾಕಿದೆ. ಇಂಥ ಕಾರುಗಳಲ್ಲಿ ಎಂಜಿನ್ ಗಾಳಿಯನ್ನು ಒಳಕ್ಕೆ ಎಳೆಯುವ ಬಲವೇ ಬ್ರೇಕಿಗೂ ಸಹಾಯ ಮಾಡುತ್ತದೆ. ಬ್ರೇಕಿನ ಡಬ್ಬಿ ಆ ಎಳೆತವನ್ನು ಒಂದೆರಡು ಸಲಕ್ಕಾಗುವಷ್ಟು ಕೂಡಿಟ್ಟುಕೊಂಡಿರುತ್ತದೆ. ಒಳ್ಳೆಯ ಎಂಜಿನ್ ಅದನ್ನು ಖಾಲಿಯಾದ ಕೂಡಲೇ ತುಂಬಿಸುತ್ತದೆ. ನಮ್ಮ ತಡವರಿಸುವ ಎಂಜಿನ್ನಿನಲ್ಲಿ ಎಳೆತ ಅರ್ಧಕ್ಕಿಂತ ಕಡಿಮೆ ಇತ್ತು. ಅಂಗಳದಲ್ಲಿ ಬಿಟ್ಟು ಬಿಟ್ಟು ಒತ್ತಿದಾಗ ಡಬ್ಬಿ ತುಂಬಲು ಹೊತ್ತು ಸಿಗುತ್ತಿತ್ತು. ಮೆರವಣಿಗೆಯಲ್ಲಿ ಹೆಜ್ಜೆಗೊಂದು ಬ್ರೇಕು. ಅಲ್ಲಿ ಹೊತ್ತು ಎಲ್ಲಿಂದ ಬರಬೇಕು?

ಯಜಮಾನರು ಬಂದು ಪಕ್ಕದಲ್ಲಿ ನಿಂತರು. “ಬೇರೆ ಪಂಪು ಗಿಂಪು ಹಾಕಿ ಸರಿ ಮಾಡಕ್ಕಾಗಲ್ವಾ?”

“ಬ್ರೇಕು ಸರಿ ಹೋಗ್ಬಹುದು. ಜಗ್ಗೋದು ಹೋಗಲ್ಲ.”

ಯಜಮಾನರು ಹೆಗಲಿನ ಟವೆಲ್ ತೆಗೆದರು. “ಹಂಗಾದ್ರೆ ಇನ್ನೂರ ಎಂಬತ್ತು.”

ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಗಿರಾಕಿಯ ಮುಂದೆ ಹಾಗೆ ನಿಂತದ್ದು ಅದೇ ಮೊದಲು. “ಬೆರಳು ಕೊಡಲ್ಲ ಯಜಮಾನ್ರೇ. ಇದನ್ನ ಬಿಚ್ತೀನಿ. ಇನ್ನೊಂದು ಹೊಸದು ತರ್ಸೋಕೆ ಮದುವೆಗೆ ದಿನ ಇಲ್ಲ, ಹಳೇ ಶಾಫ್ಟನ್ನೇ ಸರಿ ಮಾಡ್ಸಿ, ಇನ್ನೂರ ಅರವತ್ತೇ ಹಾಕ್ತೀನಿ. ಬೇಡ ಅಂದ್ರೆ ಲಾರಿ ಕಳ್ಸಿ, ಗಾಡಿ ತಗೊಂಡು ಹೋಗಿ.”

ಅವರು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು. ಹೊರಗೆ ಮಗಳು ಟೆಂಪೊ ಹತ್ತಿ ಕೂತಿದ್ದಳು, ಇತ್ತ ನೋಡುತ್ತಿರಲಿಲ್ಲ. “ಅವಳು ಓಡಿಸ್ಬಹುದಾ ಆಮೇಲೆ?”

“ಓಡಿಸ್ಬಹುದು.”

“ನನ್ ಮೇಲೆ ಆಣೆ ಮಾಡಿ ಹೇಳು.”

“ಮೊದಲು ಅಂಗಳದಲ್ಲಿ ನಾನು ಓಡಿಸ್ತೀನಿ. ಬ್ಯಾಂಡ್ ಜಾಗದಲ್ಲಿ ನೀವು ನಡೀರಿ.”

ಯಜಮಾನರು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು “ಬಿಚ್ಚು” ಎಂದರು.

ಬಿಚ್ಚುವುದು ಸಣ್ಣ ಕೆಲಸವಲ್ಲ. ರೇಡಿಯೇಟರ್, ಮುಂದಿನ ಕವರು, ಚೈನು, ಮೇಲಿನ ಮ್ಯಾನಿಫೋಲ್ಡ್, ಟ್ಯಾಪೆಟ್ಟುಗಳು ಎಲ್ಲವೂ ಹೊರಗೆ ಬರಬೇಕು. ಶಾಫ್ಟನ್ನು, ಮಲಗಿದ ಮಗುವಿನ ತಲೆಯ ಕೆಳಗಿಂದ ದಿಂಬು ಎಳೆಯುವಷ್ಟು ನಿಧಾನವಾಗಿ ಎಳೆಯಬೇಕು. ಉಬ್ಬಿನ ಅಂಚು ತಗುಲಿದರೆ ಬೇರಿಂಗಿಗೆ ಗೀರು ಬೀಳುತ್ತದೆ.

ಹಳೆಯ ಶಾಫ್ಟನ್ನು ಗೋಣಿಚೀಲದಲ್ಲಿ ಸುತ್ತಿ ಗೌರಿಬಿದನೂರಿಗೆ ಹೊತ್ತುಕೊಂಡು ಹೋದೆ. ಅಲ್ಲಿ ಶಾಫ್ಟ್ ಗ್ರೈಂಡಿಂಗ್ ಮಾಡುವವನೊಬ್ಬ ಪರಿಚಯ. ಸವೆದ ಉಬ್ಬಿಗೆ ಗಟ್ಟಿ ವೆಲ್ಡಿಂಗ್ ತುಂಬಿ, ಚೆನ್ನಾಗಿದ್ದ ಉಬ್ಬಿನ ಅಳತೆಗೆ ಉಜ್ಜಬೇಕು, ಟ್ಯಾಪೆಟ್ಟುಗಳ ತಳವನ್ನೂ ಹೊಸದು ಮಾಡಬೇಕು. ಅವನು ಶಾಫ್ಟನ್ನು ಪ್ರೀತಿಯಿಂದ ತಿರುಗಿಸಿ ನೋಡಿದ.

“ಇಷ್ಟು ದೂರ ಹೊತ್ಕೊಂಡು ಬಂದಿದ್ದೀರಿ. ಒಂದೈದು ಡಿಗ್ರಿ ಕೊಸರು ಹಾಕ್ಕೊಡ್ಲಾ ಸಾರ್?”

ಸೊಪ್ಪು ಮಾರುವವರು ಕಟ್ಟಿನ ಮೇಲೆ ನಾಲ್ಕು ಕಡ್ಡಿ ಹೆಚ್ಚಿಗೆ ಇಡುವಂತೆ ಹೇಳಿದ.

“ಕೊಸರು ಬೇಡ.”

“ಎಲ್ರೂ ಕೇಳಿ ಹಾಕಿಸ್ಕೊತಾರೆ ಸಾರ್. ಸೌಂಡು ಒಂಚೂರು ಚೆನ್ನಾಗಿರುತ್ತೆ.”

“ಬೇಡಪ್ಪ. ಸೌಂಡೇ ಬೇಡ.”

ಅವನಿಗೆ ನನ್ನ ಮೇಲೆ ಮರುಕ ಬಂದಿರಬೇಕು, ಟೀ ತರಿಸಿದ. ಆದರೂ ನಂಬಿಕೆ ಬರಲಿಲ್ಲ. ಕೆಲಸ ಮುಗಿಯುವವರೆಗೆ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದು, ಡಯಲ್ ಗೇಜಿನಿಂದ ಒಂದೊಂದು ಉಬ್ಬನ್ನೂ ನಾನೇ ಅಳೆದು ನೋಡಿ ಎತ್ತಿಕೊಂಡು ಬಂದೆ.

ಎರಡನೆಯ ಸಲ ಎಂಜಿನ್ ಶುರುಮಾಡುವಾಗ ಹುಳಮನೆಯ ಗೊಡವೆಯೇ ಬೇಡ ಎಂದು ಟ್ರಾಕ್ಟರಿಗೆ ಕಟ್ಟಿ ಕಾರನ್ನು ಒಣಗಿದ ಕೆರೆ ಅಂಗಳಕ್ಕೆ ಎಳೆಸಿದೆ. ಒಗ್ಗಿಸುವ ಓಟ ಮುಗಿದು ವೇಗ ಇಳಿಸಿದಾಗ, ಸದ್ದು ಕೇಳದೆ ಎಂಜಿನ್ ನಿಂತೇಹೋಯಿತೆಂದು ಟ್ರಾಕ್ಟರಿನವನು ಮತ್ತೆ ಹಗ್ಗ ಕಟ್ಟಲು ಬಂದ. ಗೇಜಿನ ಮುಳ್ಳು ಇರಬೇಕಾದ ಜಾಗದಲ್ಲಿ ಅಲುಗದೆ ನಿಂತಿತ್ತು. ಮಾತಿನಂತೆ ಶೆಡ್ಡಿನ ಅಂಗಳದಲ್ಲಿ ಯಜಮಾನರು ಕಾರಿನ ಮುಂದೆ ನಡೆದರು. ಆಗಾಗ ಹಿಂದೆ ತಿರುಗಿ ನೋಡಿದರು, ಆದರೆ ನಡೆದರು. ಎಷ್ಟು ಸಲ ಒತ್ತಿದರೂ ಪೆಡಲ್ ಮೆತ್ತಗೇ ಇತ್ತು. ಆಮೇಲೆ ಮಗಳು ಓಡಿಸಿದಳು. ಆಗಲೂ ನಡೆದರು.

ಮದುವೆಯ ಸಂಜೆ ಚಿಂತಾಮಣಿಯಲ್ಲಿ ನಾನು ಕಾರಿನ ಬಲಗಡೆ, ಟೂಲ್ ಚೀಲ ಹಿಡಿದು, ಕಣ್ಣೆಲ್ಲ ಮುಂದಿನ ಚಕ್ರದ ಮೇಲಿಟ್ಟು ನಡೆಯುತ್ತಿದ್ದೆ. ಜರಿ ಸೀರೆ ಉಟ್ಟ ಹುಡುಗಿ ಸ್ಟೀರಿಂಗ್ ಹಿಡಿದಿದ್ದಳು. ಪಕ್ಕದಲ್ಲಿ ಪೇಟ ಕಟ್ಟಿದ ಗಂಡು. ಗಂಡಿನ ಕಡೆಯ ಹಿರಿಯರು ಮಾತು ಬಿಡದೆ ಸಾರೋಟನ್ನೂ ಹಿಂದೆ ತರಿಸಿದ್ದರು, ಬೇಕಾದೀತು ಎಂದು. ಯಜಮಾನರು ಕಿಟಕಿಗೆ ಬಗ್ಗಿ ಬಗ್ಗಿ ಕೇಳುತ್ತಿದ್ದರು.

“ಎಂಜಿನ್ ಆನ್ ಇದೆಯೇನಮ್ಮ?”

“ಆನ್ ಇದೆ ಅಪ್ಪ.”

“ಏನೂ ಕೇಳ್ಸಲ್ವಲ್ಲ.”

“ಗಾಡಿ ಹೋಗ್ತಾ ಇದೆಯಲ್ಲ ಅಪ್ಪ!”

ಅರ್ಧ ದಾರಿಯಲ್ಲಿ ಗಂಡಿನ ಅಜ್ಜಿ ಗುಂಪಿನಿಂದ ಬಂದು ಕಾರಿನ ಮುಂದೆಯೇ ಅಡ್ಡ ನಿಂತುಬಿಟ್ಟರು. ಕಾರು ಅಜ್ಜಿಯ ಸೀರೆಯಿಂದ ಮೊಳ ದೂರದಲ್ಲಿ, ಕುಲುಕದೆ ನಿಂತಿತು.

“ಕಾಲು ಆಗ್ತಿಲ್ಲ ಕಣೇ ಅಮ್ಮಯ್ಯ. ನನ್ನೂ ಹತ್ತಿಸ್ಕೋ.”

“ಅಜ್ಜಿ, ಸಾರೋಟು ಖಾಲಿ ಇದೆ, ಬಾ” ಎಂದು ಯಾರೋ ಕರೆದರು.

“ಅಯ್ಯೋ ದೇವುಡಾ, ಕುದುರೇನ ಹೆಂಗೋ ನಂಬೋದು? ಇದೇ ಸಾಧು” ಎಂದು ಅಜ್ಜಿ ಬಾನೆಟ್ಟಿನ ಮೇಲೆ ಕೈಯೂರಿಕೊಂಡೇ ಬಾಗಿಲ ಹತ್ತಿರ ಬಂದರು.

ಎರಡೇ ಬಾಗಿಲಿನ ಕಾರು. ಹಿಂದಿನ ಸೀಟಿಗೆ ಹೋಗಬೇಕಾದರೆ ಮುಂದಿನ ಸೀಟು ಮಡಚಿ ನುಸುಳಬೇಕು. ಅಜ್ಜಿಗೆ ಅದು ಆಗದು. ಗಂಡು ತಾನು ನುಸುಳಲು ನೋಡಿದ. ಪೇಟ ಮೇಲೆ ತಗುಲಿತು, ಹಾರ ಸೀಟಿಗೆ ಸಿಕ್ಕಿತು.

“ಬಿಡೋ, ವಯಸ್ಸಿದೆ ನಿನಗೆ, ನಡಿ” ಎಂದು ಅಜ್ಜಿ ಅವನನ್ನು ಹೊರಗೆಳೆದು ತಾವು ಮುಂದಿನ ಸೀಟಿನಲ್ಲಿ ಕೂತು, ಕಾಲು ಚಾಚಿ, “ಹೂಂ, ಬಿಡಮ್ಮ” ಎಂದರು.

ಹುಡುಗಿ ಬ್ರೇಕಿನಿಂದ ಕಾಲು ತೆಗೆದಳು. ಮದುಮಗ ಛತ್ರದವರೆಗೂ ನನ್ನ ಪಕ್ಕದಲ್ಲಿ ನಡೆದೇ ಬಂದ. ಹಾರ ಹಾಕಿಕೊಂಡು, ಹೊಸ ಚಪ್ಪಲಿಯಲ್ಲಿ. ಕಾರಿನ ಸಮಕ್ಕೆ ಹೆಜ್ಜೆ ಹಾಕಲು ಅವನಿಗೆ ಒಂದು ಚೂರೂ ಕಷ್ಟವಾಗಲಿಲ್ಲ.